ಕೈಯಾಗಿನ ಪುಸ್ತಕ ಎಲ್ಲಿ ನಿಂತದ?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರಿಗೆ ಹೋದ ಸಂಚಿಕೆಯಲ್ಲಿ ಎರಡೇ ಮಾತು ಕೇಳಿದ್ದೆವು: ಈಗ ಏನು ಓದುತ್ತಿದ್ದೀರಿ, ಎಲ್ಲಿ ತೊಡಕಾಗಿದೆ? ಬಂದ ಪತ್ರಗಳಲ್ಲಿ ಕಾಮಿಕ್ಸ್‌ನಿಂದ ಹಿಡಿದು ಆತ್ಮಕಥೆಯವರೆಗೆ ಎಲ್ಲವೂ ಇವೆ. ಓದು ನಿಂತದ್ದಕ್ಕೆ ಹೆಚ್ಚಿನವರು ತಮ್ಮನ್ನೇ ದೂರಿಕೊಂಡಿದ್ದಾರೆ. ತಾಳ್ಮೆ ಸಾಲದು, ಮೊಬೈಲ್ ಚಟ, ವಯಸ್ಸಾಯಿತು ಎಂದೆಲ್ಲ ಬರೆದಿದ್ದಾರೆ. ಆದರೆ ಪತ್ರಗಳನ್ನು ಪೂರ್ತಿ ಓದಿದಾಗ ಕಾಣುವ ಕಾರಣಗಳು ಸಣ್ಣವು, ಕೈಗೆ ಸಿಗುವಂಥವು: ಹೆಸರುಗಳ ಗೊಂದಲ, ಕಣ್ಣಿಗೆ ಒಗ್ಗದ ಒತ್ತಕ್ಷರ, ಬೆನ್ನು ಬಿಟ್ಟ ಬೈಂಡಿಂಗ್. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರವಿದೆ.

ಪ್ರ: ‘ಮಲೆಗಳಲ್ಲಿ ಮದುಮಗಳು’ ಮೂರನೇ ಸಲ ಹಿಡಿದೀನ್ರಿ. ಪ್ರತಿ ಸಲ 90–100ನೇ ಪುಟಕ್ಕ ನಿಲ್ಲತದ. ಯಾರು ಯಾರ ಮನಿಯವರು ಅನ್ನೋದೇ ತಿಳಿಯಲ್ಲ. ಶಬ್ದನೂ ನಮ್ಮ ಕಡೀವಲ್ಲ. ಮುಂದ ಹ್ಯಾಂಗ ಹೋಗಬೇಕು?
— ಬ್ಯಾಂಕ್ ನೌಕರ, ಚಿತ್ತಾಪುರ

ಉ: ನೀವು ನಿಂತ ಜಾಗದಲ್ಲೇ ಬಹಳ ಜನ ನಿಲ್ಲುತ್ತಾರೆ. ಕುವೆಂಪು ಅವರ ಈ ಕಾದಂಬರಿಗೆ (1967) ಒಬ್ಬ ನಾಯಕನಿಲ್ಲ. ನಾಯಕನನ್ನು ಹುಡುಕುತ್ತ ಹೋದವರಿಗೆ ಮೊದಲ ನೂರು ಪುಟಗಳಲ್ಲಿ ಬರೀ ಜನಜಾತ್ರೆ ಕಾಣುತ್ತದೆ. ಆದ್ದರಿಂದ ಜನರ ಲೆಕ್ಕ ಬಿಟ್ಟು ಮನೆಗಳ ಲೆಕ್ಕ ಹಿಡಿಯಿರಿ.

ಒಂದು ಹಾಳೆಯನ್ನು ಅಡ್ಡಲಾಗಿ ಇಟ್ಟು ಐದು ಕಂಬಸಾಲು ಎಳೆಯಿರಿ. ಮೇಲೆ ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ ಎಂದು ಬರೆಯಿರಿ. ಹೊಸ ಹೆಸರು ಬಂದ ಕೂಡಲೇ ಅದು ಯಾವ ಮನೆಗೆ ಸೇರಿದ್ದೋ ಆ ಸಾಲಿಗೆ ಹಾಕಿ. ಮನೆಯ ಯಜಮಾನ ಮೇಲೆ, ಮನೆಮಂದಿ ನಡುವೆ, ಆ ಮನೆಯ ಆಳುಗಳು ಕೆಳಗೆ. ನಾಯಿಗಳನ್ನೂ ಬಿಡಬೇಡಿ. ಗುತ್ತಿಯ ನಾಯಿ ಹುಲಿಯ ಇಲ್ಲಿ ಅನೇಕ ಮನುಷ್ಯರಿಗಿಂತ ದೊಡ್ಡ ಪಾತ್ರ. ಹಾಳೆಯ ಹಿಂಬದಿಯಲ್ಲಿ ಮೂರು ಜೋಡಿ ಬರೆದಿಡಿ: ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ. ಎಷ್ಟು ಕವಲು ಒಡೆದರೂ ಕಥೆ ಈ ಮೂರು ಜೋಡಿಗಳ ಬಳಿ ಮರಳಿ ಬರುತ್ತದೆ. ಈ ಹಾಳೆಯೇ ನಿಮ್ಮ ಪುಟಗುರುತು ಆಗಲಿ. ಬೇರೆ ವಹಿಯಲ್ಲಿ ಬರೆದಿಟ್ಟರೆ ಆ ವಹಿ ಕಪಾಟಿನಲ್ಲೇ ಉಳಿಯುತ್ತದೆ.

ಶಬ್ದಗಳ ಮಾತು. ಯಾದಗಿರಿ–ಚಿತ್ತಾಪುರದ ಓದುಗರಿಗೆ ಮಲೆನಾಡಿನ ಪದಗಳು ಹೊಸವಾಗುವುದು ಸಹಜ. ಮಳೆಯೇ ಬೇರೆ, ಮನೆಯ ಕಟ್ಟಣೆಯೇ ಬೇರೆ. ಕಾನು ಎಂದರೆ ದಟ್ಟ ನಿತ್ಯಹಸಿರು ಕಾಡು. ಗೊರಬು ಎಂದರೆ ಮಳೆಯಲ್ಲಿ ಬಗ್ಗಿ ಕೆಲಸ ಮಾಡುವವರು ತಲೆ, ಬೆನ್ನು ಮುಚ್ಚುವಂತೆ ಹೊದೆಯುವ ಎಲೆಯ ಹೊದಿಕೆ. ಕಂಬಳಿಯನ್ನು ಮಡಿಸಿ ತಲೆಯ ಮೇಲಿಂದ ಇಳಿಬಿಟ್ಟರೆ ಕಂಬಳಿಕೊಪ್ಪೆ. ಗದ್ದೆ ಎಂದಾಗ ನಮ್ಮ ತೊಗರಿ ಹೊಲದ ಚಿತ್ರ ಬರಬಾರದು, ನೀರು ನಿಂತ ಭತ್ತದ ಮಡಿ ಬರಬೇಕು. ಪ್ರತಿ ಪದಕ್ಕೂ ನಿಘಂಟು ತೆರೆದರೆ ಓದು ಸಾಯುತ್ತದೆ. ಪುಟಕ್ಕೆ ಎರಡು ಪದಕ್ಕೆ ಮಾತ್ರ ಪೆನ್ಸಿಲ್ ಗೆರೆ ಹಾಕಿ, ಅಧ್ಯಾಯ ಮುಗಿದ ಮೇಲೆ ಒಟ್ಟಿಗೆ ನೋಡಿ. ಅಷ್ಟರಲ್ಲಿ ಅರ್ಧ ಪದಗಳ ಅರ್ಥ ಸಂದರ್ಭದಿಂದಲೇ ಹೊಳೆದಿರುತ್ತದೆ. ಮೊಬೈಲ್‌ನಲ್ಲಿ ನೋಡುವುದಾದರೆ ವಿ. ಕೃಷ್ಣ ಅವರು ರಚಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಉಚಿತ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಹಳೆಯ, ಅಪರೂಪದ ರೂಪಗಳಿಗೆ 1894ರ ಕಿಟೆಲ್ ನಿಘಂಟು ಈಗಲೂ ಆಸರೆ.

ದಿನಕ್ಕೆ 12 ಪುಟದಂತೆ ಓದಿದರೂ 700 ಪುಟ ದಾಟುವ ಈ ಪುಸ್ತಕ ಎರಡು ತಿಂಗಳಲ್ಲಿ ಮುಗಿಯುತ್ತದೆ. ನಡುವೆ ನಾಲ್ಕು ದಿನಕ್ಕಿಂತ ಹೆಚ್ಚು ಬಿಡಬೇಡಿ. ಬಿಟ್ಟರೆ ಹಿಂದಿನ ಅಧ್ಯಾಯದ ಕೊನೆಯ ಎರಡು ಪುಟ ಮತ್ತೆ ಓದಿ ಮುಂದೆ ಹೋಗಿ. ಮೊದಲಿನಿಂದ ಶುರು ಮಾಡುವುದೇ ನಿಮ್ಮನ್ನು ಮೂರು ಸಲ ನಿಲ್ಲಿಸಿದ ತಪ್ಪು.

ಪ್ರ: ನಾನು ಕಲಿತದ್ದು ಪೂರಾ ಮರಾಠಿ ಶಾಲೆಯಲ್ಲಿ. ಮನೆಮಾತು ಕನ್ನಡ. ಈಗ ಕನ್ನಡ ಕಾದಂಬರಿ ಓದಬೇಕೆಂಬ ಆಸೆ, ಆದರೆ ಒಂದು ಪುಟಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಎಷ್ಟು ದಿನದಲ್ಲಿ ಸುಧಾರಿಸಬಹುದು?
— ಅಂಗಡಿ ವ್ಯಾಪಾರಿ, ಭಾಲ್ಕಿ
(ತೆಲುಗು ಮಾಧ್ಯಮದಲ್ಲಿ ಓದಿದ ಗುರುಮಠಕಲ್‌ನ ಓದುಗರೊಬ್ಬರೂ ಇದನ್ನೇ ಕೇಳಿದ್ದಾರೆ. ಇಬ್ಬರಿಗೂ ಸೇರಿಸಿ ಉತ್ತರ.)

ಉ: ಭಾಷೆ ನಿಮ್ಮ ಕಿವಿಯಲ್ಲಿ ಈಗಾಗಲೇ ಇದೆ, ಕಲಿಯಬೇಕಾದ್ದು ಕಣ್ಣು ಮಾತ್ರ. ಹಾಗಾಗಿ ಇದು ಮೂರು ತಿಂಗಳ ಕೆಲಸ. ಆದರೆ ಮರಾಠಿಯಿಂದ ಬಂದವರು ಎಡವುವ ಜಾಗ ಒಂದು, ತೆಲುಗಿನಿಂದ ಬಂದವರು ಎಡವುವ ಜಾಗ ಇನ್ನೊಂದು.

ಮರಾಠಿ ಬರಹದಲ್ಲಿ ‘ಎ–ಏ’, ‘ಒ–ಓ’ ಎಂಬ ಹ್ರಸ್ವ–ದೀರ್ಘ ಭೇದವಿಲ್ಲ. ಕನ್ನಡದಲ್ಲಿ ಅದೇ ಪ್ರಾಣ. ಬೆಳೆ ಹೊಲದಲ್ಲಿರುತ್ತದೆ, ಬೇಳೆ ಗಡಿಗೆಯಲ್ಲಿರುತ್ತದೆ. ಕೊಡು ಎಂದರೆ ನೀಡು, ಕೋಡು ಎಂದರೆ ಕೊಂಬು. ಕೆರೆ ನೀರಿನದು, ಕೇರೆ ಹಾವು. ಮೊರೆ ಇಡುತ್ತೇವೆ, ಮೋರೆ ತೊಳೆಯುತ್ತೇವೆ. ಮಾತಿನಲ್ಲಿ ನೀವು ಈ ಭೇದವನ್ನು ತಪ್ಪುವುದೇ ಇಲ್ಲ. ಓದುವಾಗ ಮಾತ್ರ ಅಕ್ಷರದ ಬಲಕ್ಕಿರುವ ದೀರ್ಘದ ಗುರುತು ಕಣ್ಣಿಗೆ ಬೀಳದೆ ಪದ ತಪ್ಪುತ್ತದೆ, ವಾಕ್ಯ ಕೂಡುವುದಿಲ್ಲ, ಮತ್ತೆ ಹಿಂದಕ್ಕೆ ಹೋಗುತ್ತೀರಿ. ಹತ್ತು ನಿಮಿಷ ಹೋಗುವುದು ಹೀಗೆ. ಮೊದಲ ಎರಡು ವಾರ ದಿನಕ್ಕೆ ಅರ್ಧ ಪುಟ ತೆಗೆದುಕೊಂಡು, ಓದುವ ಮೊದಲೇ ಆ ದೀರ್ಘಗಳಿಗೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕಿ, ಆಮೇಲೆ ಗಟ್ಟಿಯಾಗಿ ಓದಿ. ಎರಡು ವಾರದ ಬಳಿಕ ಸುತ್ತು ಬೇಕಾಗುವುದಿಲ್ಲ.

ತೆಲುಗಿನವರಿಗೆ ಅಕ್ಷರಗಳು ಮುಕ್ಕಾಲು ಪಾಲು ಪರಿಚಿತವೇ. ತೆಲುಗಿನ ತಲಕಟ್ಟು ‘ಸರಿ’ ಗುರುತು ಹಾಕಿದಂತೆ ಮೇಲೆದ್ದಿರುತ್ತದೆ, ಕನ್ನಡದ್ದು ಮಟ್ಟಸವಾದ ಗೆರೆ. ಇದು ಎರಡೇ ದಿನದಲ್ಲಿ ಒಗ್ಗುತ್ತದೆ. ತೊಡಕು ಮೂರು ಕಡೆ. ‘ಕೇ’, ‘ತೇ’ಗಳ ದೀರ್ಘ ತೆಲುಗಿನಲ್ಲಿ ಅಕ್ಷರದ ತಲೆಯ ಮೇಲಿರುತ್ತದೆ, ಕನ್ನಡದಲ್ಲಿ ಬಲಕ್ಕೆ ಬೇರೆಯಾಗಿ ನಿಲ್ಲುತ್ತದೆ. ‘ಕ್ರ’, ‘ಪ್ರ’ಗಳ ರಕಾರದ ಒತ್ತು ತೆಲುಗಿನಲ್ಲಿ ಎಡದಿಂದ ಸುತ್ತಿಕೊಂಡು ಬರುತ್ತದೆ, ಕನ್ನಡದಲ್ಲಿ ಕೆಳಗೆ ಬಲಕ್ಕೆ ಕೂರುತ್ತದೆ. ಮೂರನೆಯದು ಅರ್ಕಾವತ್ತು, ಇದೇ ದೊಡ್ಡ ಗಂಡಾಂತರ. ‘ಸೂರ್ಯ’, ‘ಕರ್ಮ’, ‘ವರ್ಷ’ ಎಂಬಲ್ಲಿ ರಕಾರದ ಗುರುತು ಅಕ್ಷರದ ನಂತರ ಬರೆಯಲ್ಪಡುತ್ತದೆ, ಉಚ್ಚಾರ ಮಾತ್ರ ಅಕ್ಷರಕ್ಕಿಂತ ಮೊದಲು. ನೋಡಲು 9ರ ಕನ್ನಡ ಅಂಕಿಯಂತೆಯೇ ಇರುತ್ತದೆ. ಅಂಥ 50 ಪದಗಳ ಪಟ್ಟಿ ಮಾಡಿ ವಾರಪೂರ್ತಿ ದಿನಾ ಒಮ್ಮೆ ಓದಿದರೆ ಕೈವಶವಾಗುತ್ತದೆ.

ಇಬ್ಬರಿಗೂ ಸಮಾನವಾದ ಕಷ್ಟ ಒಂದೇ ಹೋಲಿಕೆಯ ಅಕ್ಷರಗಳದು: ವ–ಮ, ಪ–ಷ, ದ–ಧ–ಥ. ದಕಾರ ಖಾಲಿ, ಧಕಾರಕ್ಕೆ ಕೆಳಗೆ ಸೀಳು, ಥಕಾರಕ್ಕೆ ಹೊಟ್ಟೆಯಲ್ಲಿ ಚುಕ್ಕೆ. ಅಚ್ಚು ಸಣ್ಣದಾದರೆ ಸೀಳೂ ಚುಕ್ಕೆಯೂ ಮಸಿಯಲ್ಲಿ ಮುಚ್ಚಿಹೋಗುತ್ತವೆ. ಅದಕ್ಕೇ ಶುರುವಿನಲ್ಲಿ 14 ಪಾಯಿಂಟ್‌ಗಿಂತ ಚಿಕ್ಕ ಅಚ್ಚಿನ ಪುಸ್ತಕ ಹಿಡಿಯಬೇಡಿ. ಸಾಧಾರಣ ಕಾದಂಬರಿಗಳು 11–12 ಪಾಯಿಂಟ್‌ನಲ್ಲಿರುತ್ತವೆ. ಮೊದಲ ತಿಂಗಳು ಮಕ್ಕಳ ಪುಸ್ತಕ ಓದಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎರಡನೇ ತಿಂಗಳು ಸಣ್ಣಕತೆ, ಮೂರನೇ ತಿಂಗಳು 150 ಪುಟದ ಒಳಗಿನ ಕಾದಂಬರಿ.

ಭಾಲ್ಕಿಯವರಿಗೆ ಇನ್ನೊಂದು ಅನುಕೂಲವಿದೆ. ಎಸ್.ಎಲ್. ಭೈರಪ್ಪನವರ ಹಲವು ಕಾದಂಬರಿಗಳನ್ನು ಉಮಾ ಕುಲಕರ್ಣಿಯವರು ಮರಾಠಿಗೆ ತಂದಿದ್ದಾರೆ. ಮರಾಠಿಯಲ್ಲಿ ಒಂದು ಅಧ್ಯಾಯ ಓದಿ, ಅದನ್ನೇ ಕನ್ನಡದಲ್ಲಿ ಓದಿ. ಕಥೆ ಗೊತ್ತಿರುವುದರಿಂದ ಕಣ್ಣು ಅಕ್ಷರದ ಕಡೆಗಷ್ಟೇ ದುಡಿಯುತ್ತದೆ. ಐದಾರು ಅಧ್ಯಾಯ ಕಳೆದ ಮೇಲೆ ಮರಾಠಿ ಪ್ರತಿಯನ್ನು ಬದಿಗಿಡಿ. ಜೊತೆಗಿಟ್ಟುಕೊಂಡೇ ಮುಂದುವರಿದರೆ ಕಣ್ಣು ಸುಲಭದ ಕಡೆಗೇ ಓಡುತ್ತದೆ.

ಪ್ರ: ನಮ್ಮ ಹುಡುಗಗ ಹತ್ತು ವರ್ಷ. ಬರೀ ಕಾಮಿಕ್ಸ್ ಓದ್ತಾನ. ಚಿತ್ರ ನೋಡಿ ಪುಟ ತಿರುವ್ತಾನ, ಅಕ್ಷರ ಓದಂಗಿಲ್ಲ ಅನಸ್ತದ. ಬಿಡಸಬೇಕೇನ್ರಿ?
— ಗೃಹಿಣಿ, ಜೇವರ್ಗಿ

ಉ: ಬಿಡಿಸಬೇಡ್ರಿ ತಾಯಿ. ಅವನು ಓದುತ್ತಿದ್ದಾನೋ ಇಲ್ಲವೋ ಎಂಬುದನ್ನು ಪರೀಕ್ಷಿಸುವುದು ಸುಲಭ. ಒಂದು ಪುಟದಲ್ಲಿ ಮಾತಿನ ಗುಳ್ಳೆಗಳ ಮೇಲೆ ಚಿಕ್ಕ ಚೀಟಿ ಇಟ್ಟು, ಯಾರು ಏನು ಹೇಳುತ್ತಿದ್ದಾರೆ ಎಂದು ಅವನನ್ನೇ ಕೇಳಿ. ಹೇಳಿದ ಮೇಲೆ ಚೀಟಿ ತೆಗೆದು ಹೋಲಿಸಲಿ. ಮಕ್ಕಳಿಗೆ ಇದು ಆಟ, ಆದರೆ ಓದಲೇಬೇಕಾಗುತ್ತದೆ. ಗುಳ್ಳೆಗಳ ಭಾಷೆಯನ್ನೂ ಒಮ್ಮೆ ತೋರಿಸಿಕೊಡಿ. ಬಾಲ ಚೂಪಾಗಿದ್ದರೆ ಮಾತು, ಸಣ್ಣ ಸಣ್ಣ ಗುಳ್ಳೆಗಳ ಬಾಲವಿದ್ದರೆ ಮನಸ್ಸಿನ ಯೋಚನೆ, ಅಂಚು ಗರಗಸದಂತಿದ್ದರೆ ಕೂಗು, ಚೌಕಟ್ಟಿನೊಳಗಿದ್ದರೆ ಕಥೆ ಹೇಳುವವರ ಮಾತು. ಒಂದೇ ಚಿತ್ರದಲ್ಲಿ ಇಬ್ಬರು ಮಾತನಾಡಿದರೆ ಮೇಲಿನ, ಎಡಗಡೆಯ ಗುಳ್ಳೆ ಮೊದಲು. ಜಪಾನಿನ ಮಾಂಗಾ ಕೈಗೆ ಬಂದರೆ ಇದು ತಿರುಗುಮುರುಗು. ಅದನ್ನು ಬಲದಿಂದ ಎಡಕ್ಕೆ ಓದಬೇಕು, ನಮ್ಮ ಲೆಕ್ಕದಲ್ಲಿ ಕೊನೆಯ ಪುಟವೇ ಅದರ ಮೊದಲ ಪುಟ. ಉರ್ದು ಓದುವ ಮನೆಯ ಮಕ್ಕಳಿಗೆ ಇದು ತಟ್ಟನೆ ಹತ್ತುತ್ತದೆ.

ಕನ್ನಡ ಕಾಮಿಕ್ಸ್‌ನಲ್ಲಿ ಮಕ್ಕಳು ಅಕ್ಷರ ಬಿಟ್ಟು ಹೋಗಲು ಅಚ್ಚಿನದೇ ಒಂದು ಕಾರಣವಿದೆ. ಅನುವಾದಿತ ಕಾಮಿಕ್ಸ್‌ಗಳಲ್ಲಿ ಗುಳ್ಳೆಯ ಅಳತೆ ಇಂಗ್ಲಿಷ್ ಮಾತಿಗೆ ಹೊಂದಿಸಿದ್ದು. ಕನ್ನಡದ ಪದ ಉದ್ದ, ಮೇಲೆ ಗುಡಿಸು, ಕೆಳಗೆ ಒತ್ತು, ಸಾಲಿಗೆ ಎತ್ತರ ಹೆಚ್ಚು ಬೇಕು. ಜಾಗ ಸಾಲದೆ ಅಕ್ಷರವನ್ನು ಕುಗ್ಗಿಸುತ್ತಾರೆ. ಕೊಳ್ಳುವ ಮೊದಲು ಒಂದು ಪುಟವನ್ನು ಒಂದು ಮೊಳ ದೂರದಿಂದ ಹಿಡಿದು ನೋಡಿ. ಒತ್ತಕ್ಷರ ಬಿಡಿಸಿ ಕಾಣದಿದ್ದರೆ ಆ ಪ್ರತಿ ಬೇಡ.

ಕಾರ್ಕಳದ ಅನಂತ ಪೈ 1967ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥೆ’ ಪುಸ್ತಿಕೆಗಳು ಸಾಮಾನ್ಯವಾಗಿ 32 ಪುಟದವು, ಒಂದೇ ಕೂರಿಕೆಗೆ ಮುಗಿಯುತ್ತವೆ. ಅಲ್ಲಿಂದ ಬರಹಕ್ಕೆ ದಾಟಿಸಲು ಹಳೆಯ ‘ಚಂದಮಾಮ’ ಒಳ್ಳೆಯ ಸೇತುವೆ. ಅದರ ಬೇತಾಳ ಕಥೆಗಳನ್ನೇ ಆರಿಸಿ, ಏಕೆಂದರೆ ಪ್ರತಿ ಕಥೆಯೂ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ. ಪ್ರಶ್ನೆಯವರೆಗೆ ನೀವು ಓದಿ ಹೇಳಿ ಪುಸ್ತಕ ಅವನ ಕೈಗೆ ಕೊಡಿ. ವಿಕ್ರಮ ಏನೆಂದ ಎಂಬುದನ್ನು ಅವನೇ ಓದಿ ನಿಮಗೆ ಹೇಳಲಿ. ಮೊದಮೊದಲು ನಾಲ್ಕು ಸಾಲು ಓದುತ್ತಾನೆ. ಪ್ರತಿ ವಾರ ನೀವು ಅರ್ಧ ಪುಟ ಮೊದಲೇ ನಿಲ್ಲಿಸುತ್ತ ಬನ್ನಿ.

ಪ್ರ: ಬೂಕರ್ ಪ್ರಶಸ್ತಿ ಬಂದ ‘ಹಾರ್ಟ್ ಲ್ಯಾಂಪ್’ ಕನ್ನಡದಲ್ಲಿ ಯಾವ ಹೆಸರಿನಲ್ಲಿ ಸಿಗುತ್ತದೆ? ಅಂಗಡಿಯಲ್ಲಿ ಕೇಳಿದರೆ ಇಂಗ್ಲಿಷ್ ಪ್ರತಿಯನ್ನೇ ಕೊಡುತ್ತಾರೆ.
— ಪದವಿ ವಿದ್ಯಾರ್ಥಿನಿ, ಬೀದರ್

ಉ: 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಆ ಪುಸ್ತಕ ಬಾನು ಮುಷ್ತಾಕ್ ಅವರು ಮೂರು ದಶಕಗಳಲ್ಲಿ ಬರೆದ ಕಥೆಗಳಿಂದ ಆಯ್ದ 12 ಕಥೆಗಳ ಸಂಕಲನ. ಆಯ್ದು ಅನುವಾದಿಸಿದವರು ದೀಪಾ ಭಾಸ್ತಿ. ಕನ್ನಡದಲ್ಲಿ ಈ ಕಥೆಗಳು ಬೇರೆ ಬೇರೆ ಸಂಕಲನಗಳಲ್ಲಿ ಬಂದವು. ಆದ್ದರಿಂದ ಇಂಗ್ಲಿಷ್ ಹೆಸರು ಹೇಳಿ ಕೇಳುವ ಬದಲು ಲೇಖಕಿಯ ಕಥಾಸಂಕಲನ ಕೇಳಿ, ಪರಿವಿಡಿ ತೆರೆದು ‘ಎದೆಯ ಹಣತೆ’ ಇದೆಯೇ ನೋಡಿ. ಶೀರ್ಷಿಕೆಯ ಕಥೆ ಅದೇ. ‘ಕರಿ ನಾಗರಗಳು’ ಕಂಡರೆ ಅದನ್ನೂ ಓದಿ. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ಆಧಾರ ಆ ಕಥೆ. ಕಥೆಗಳಲ್ಲಿ ಬರುವ ಉರ್ದು, ಅರಬ್ಬಿ ಪದಗಳಿಗೆ ಬೇರೆ ಕಡೆಯವರು ಅರ್ಥ ಹುಡುಕಬೇಕಾಗುತ್ತದೆ. ಬೀದರಿನ ಗಲ್ಲಿಗಳಲ್ಲಿ ಬೆಳೆದವರಿಗೆ ಆ ಕಷ್ಟವಿಲ್ಲ.

ಪ್ರ: ಹೋದ ವರ್ಷ ಕೊಂಡ ಕಾದಂಬರಿ ಈ ಬೇಸಿಗೆಯಲ್ಲಿ ಹಾಳೆ ಹಾಳೆಯಾಗಿ ಉದುರುತ್ತಿದೆ. ಟೇಪು ಹಚ್ಚಿದರೆ ಇನ್ನೂ ಕೆಟ್ಟಿತು. ಮನೆಯಲ್ಲೇ ಸರಿಮಾಡಬಹುದೇ?
— ನಿವೃತ್ತ ಶಿಕ್ಷಕ, ಕಲಬುರಗಿ

ಉ: ಮಾಡಬಹುದು. ಮೊದಲು ಕಾರಣ ತಿಳಿಯಿರಿ, ಇಲ್ಲವಾದರೆ ರಿಪೇರಿ ಮಾಡಿದ ಪುಸ್ತಕವೂ ಮತ್ತೆ ಬಿಚ್ಚುತ್ತದೆ. ಈಗಿನ ಬಹುತೇಕ ಪುಸ್ತಕಗಳು ಪರ್ಫೆಕ್ಟ್ ಬೈಂಡಿಂಗ್‌ನವು. ಫಾರಂಗಳ (ಮಡಿಸಿದ ಹಾಳೆಗಳ ಕಟ್ಟುಗಳ) ಬೆನ್ನನ್ನು ಕತ್ತರಿಸಿ, ಕಾಯಿಸಿದ ಅಂಟು ಸವರಿ ರಕ್ಷಾಪುಟ ಒತ್ತಿರುತ್ತಾರೆ, ದಾರದ ಹೊಲಿಗೆ ಇರುವುದಿಲ್ಲ. ಆ ಅಂಟು ಬಿಸಿಗೆ ಮೆತ್ತಗಾಗುತ್ತದೆ, ಹಳತಾದಂತೆ ಗಡುಸಾಗಿ ಬಿರುಕು ಬಿಡುತ್ತದೆ. ಕಲಬುರಗಿಯ 42 ಡಿಗ್ರಿ ಬಿಸಿಲಿನಲ್ಲಿ ಗಾಡಿಯ ಡಿಕ್ಕಿಯಲ್ಲೋ ಕಾರಿನ ಗಾಜಿನ ಹಿಂದೆಯೋ ಪುಸ್ತಕ ಬಿಟ್ಟರೆ ಒಳಗಿನ ಶಾಖ ಇನ್ನೂ ಹೆಚ್ಚು. ಅಂಟು ಮೆತ್ತಗಾದ ಹೊತ್ತಿನಲ್ಲಿ ಪುಸ್ತಕವನ್ನು ಅಗಲಿಸಿ ಬೋರಲು ಹಾಕಿದರೆ ಹಾಳೆ ಜಾರುತ್ತದೆ.

ಟೇಪು ಹಚ್ಚಲೇಬೇಡಿ. ಅದರ ಅಂಟು ಕಾಗದಕ್ಕೆ ಇಳಿದು ಹಳದಿ ಕಲೆಯಾಗುತ್ತದೆ, ಆಮೇಲೆ ತೆಗೆದರೆ ಅಕ್ಷರವೂ ಕಿತ್ತು ಬರುತ್ತದೆ.

ಒಂದೆರಡು ಹಾಳೆ ಮಾತ್ರ ಬಿಟ್ಟಿದ್ದರೆ: ಹಾಳೆಯ ಒಳ ಅಂಚಿಗೆ 2–3 ಮಿಲಿಮೀಟರ್ ಅಗಲಕ್ಕಷ್ಟೇ ಬಿಳಿ ಫೆವಿಕಾಲ್ ತೆಳುವಾಗಿ ಸವರಿ, ಬೆನ್ನಿನ ಒಳಗೆ ತಾಗುವಂತೆ ಕೂರಿಸಿ. ಎರಡೂ ಬದಿಗೆ ಬಟರ್ ಪೇಪರ್ ಇಟ್ಟು ಪುಸ್ತಕ ಮುಚ್ಚಿ, ಮೇಲೆ ಇಟ್ಟಿಗೆಯಷ್ಟು ಭಾರ ಹೇರಿ ಒಂದು ರಾತ್ರಿ ಬಿಡಿ. ಅಂಟು ಹೆಚ್ಚಾದರೆ ಪಕ್ಕದ ಪುಟಗಳೂ ಅಂಟಿಕೊಳ್ಳುತ್ತವೆ. ಎಲ್ಲರೂ ಮಾಡುವ ತಪ್ಪು ಇದೇ.

ಇಡೀ ಪುಸ್ತಕ ಬಿಚ್ಚಿದ್ದರೆ ದಾರ ಕೂರಿಸಬೇಕು. ರಕ್ಷಾಪುಟ ಬಿಡಿಸಿ. ಹಾಳೆಗಳನ್ನು ಪುಟಸಂಖ್ಯೆ ನೋಡಿ ಜೋಡಿಸಿ, ಬೆನ್ನು ಮತ್ತು ತಲೆಯ ಕಡೆಯಿಂದ ಮೇಜಿಗೆ ಕುಟ್ಟಿ ಸಮ ಮಾಡಿ. ಹಳೆಯ ಅಂಟಿನ ಚೂರುಗಳನ್ನು ಕೆರೆದು ತೆಗೆಯಿರಿ. ಎರಡು ಹಲಗೆಯ ನಡುವೆ ಬೆನ್ನು 3 ಮಿಲಿಮೀಟರ್ ಹೊರಗೆ ಕಾಣುವಂತೆ ಬಿಗಿಯಾಗಿ ಕಟ್ಟಿ. ಹ್ಯಾಕ್ಸಾ ಬ್ಲೇಡಿನಿಂದ ಬೆನ್ನಿಗೆ ಅಡ್ಡಲಾಗಿ, ಸುಮಾರು 3 ಸೆಂಟಿಮೀಟರ್‌ಗೆ ಒಂದರಂತೆ, 1 ಮಿಲಿಮೀಟರ್ ಆಳದ ಆರು ಗೀರು ಹಾಕಿ. ಹತ್ತು ಚಮಚ ಫೆವಿಕಾಲ್‌ಗೆ ಒಂದು ಚಮಚ ನೀರು ಬೆರೆಸಿ ಮೊದಲ ಪದರ ಸವರಿ. ತೆಳುವಾಗಿದ್ದರೆ ಹಾಳೆಗಳ ಸಂದಿಗೆ ಇಳಿಯುತ್ತದೆ. ಗೀರುಗಳಲ್ಲಿ ಹತ್ತಿ ದಾರ ಕೂರಿಸಿ, ತುದಿಗಳನ್ನು ಎರಡೂ ಬದಿಗೆ 1 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಅರ್ಧ ಗಂಟೆ ಬಿಟ್ಟು ನೀರು ಬೆರೆಸದ ಅಂಟಿನ ಎರಡನೇ ಪದರ ಸವರಿ, ಹಸಿ ಇರುವಾಗಲೇ ಬೆನ್ನಿನ ಅಳತೆಯ ತೆಳು ಮಲ್ಲು ಬಟ್ಟೆಯ ಪಟ್ಟಿ ಹಚ್ಚಿ. ಪೂರ್ತಿ ಒಂದು ದಿನ ಒಣಗಿದ ಮೇಲೆ ಹಲಗೆ ಬಿಚ್ಚಿ ರಕ್ಷಾಪುಟ ಅಂಟಿಸಿ. ಗೀರು ಆಳವಾದರೆ ಪುಸ್ತಕ ಬಿಡಿಸುವಾಗ ಒಳಗಂಚಿನಲ್ಲಿ ತೂತು ಕಾಣುತ್ತದೆ, ಅಂಚಿನ ಅಕ್ಷರವೂ ಕೆಡಬಹುದು.

ಮೈದಾ ಅಂಟು ಅಗ್ಗ, ಆದರೆ ಹಿಟ್ಟಿಗೆ ಬೆಳ್ಳಿಹುಳ, ಜಿರಳೆ ಬರುತ್ತವೆ. ಬೈಂಡಿಂಗ್‌ನವರು ಅದಕ್ಕೇ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ.

ಹೊಸ ಪುಸ್ತಕ ತಂದ ದಿನವೇ ಬೆನ್ನು ಸಡಿಲಿಸಿಕೊಂಡರೆ ಇಷ್ಟೆಲ್ಲ ಬೇಕಾಗುವುದಿಲ್ಲ. ಬೆನ್ನನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ ಎಂದು ಒಂದೊಂದೇ ಕಟ್ಟು ಬಿಡಿಸಿ ಬೆರಳಿನಿಂದ ಮೆಲ್ಲಗೆ ಸವರುತ್ತ ನಡುವಿಗೆ ಬನ್ನಿ. ಒಮ್ಮೆಲೇ ನಡುವೆ ಅಗಲಿಸಿದರೆ ಬೆನ್ನು ಅಲ್ಲೇ ಸೀಳುತ್ತದೆ.

(ಗೆದ್ದಲಿನ ಬಗ್ಗೆ ಅಫಜಲಪುರದಿಂದ ಬಂದ ಪ್ರಶ್ನೆಗೂ ಇಲ್ಲೇ ಒಂದು ಮಾತು: ಕಪಾಟು ಗೋಡೆಗೆ ತಾಗಬಾರದು, ಕೈ ತೂರುವಷ್ಟು ಸಂದಿ ಇರಲಿ. ಕೆಳಗಿನ ಅರೆ ನೆಲದಿಂದ ಒಂದು ಗೇಣು ಎತ್ತರದಲ್ಲಿರಲಿ. ಎರಡು ತಿಂಗಳಿಗೊಮ್ಮೆ ಪುಸ್ತಕ ಹೊರತೆಗೆದು ಗೋಡೆಯಲ್ಲಿ ಮಣ್ಣಿನ ಗೆರೆ ಎದ್ದಿದೆಯೇ ನೋಡಿ. ಬೇವಿನ ಎಲೆ ಇಟ್ಟು ನೋಡದೇ ಬಿಟ್ಟರೆ ಪ್ರಯೋಜನವಿಲ್ಲ.)

ಪ್ರ: ಆತ್ಮಕಥೆಗಳನ್ನು ಓದುವ ಗೀಳು ನನಗೆ. ಮೆಡೋಸ್ ಟೇಲರ್ ನಮ್ಮ ಸುರಪುರದ ಬಗ್ಗೆ ಬರೆದದ್ದನ್ನು ಓದಬೇಕೆಂದಿದ್ದೇನೆ. ಎಲ್ಲಿ ಸಿಗುತ್ತದೆ, ಎಷ್ಟು ನಂಬಬಹುದು?
— ವಕೀಲ, ಸುರಪುರ

ಉ: ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ (1808–1876) ಸುರಪುರಕ್ಕೆ ಬಂದದ್ದು 1841ರಲ್ಲಿ. ಅವರ ಆತ್ಮಕಥೆ ‘ಸ್ಟೋರಿ ಆಫ್ ಮೈ ಲೈಫ್’ ಅವರು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳ ಸಂಪಾದಕತ್ವದಲ್ಲಿ ಬಂತು. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿದೆ. ಹುಡುಕುವಾಗ ನಮ್ಮ ಇಂದಿನ ಕಾಗುಣಿತ ಕೆಲಸಕ್ಕೆ ಬಾರದು. ಅವರ ಬರಹದಲ್ಲಿ ಊರು ‘ಶೋರಾಪೂರ್’, ಕಲಬುರಗಿ ‘ಗುಲ್ಬರ್ಗಾ’ದ ಹಳೆಯ ರೂಪಗಳಲ್ಲಿದೆ. ಆ ರೂಪಗಳನ್ನೇ ಹಾಕಿ ಹುಡುಕಿ.

ನಂಬುಗೆಯ ಪ್ರಶ್ನೆ ಬಹಳ ಒಳ್ಳೆಯದು. ಯಾವ ಆತ್ಮಕಥೆಗೂ ಮೂರು ಪ್ರಶ್ನೆ ಹಾಕಬೇಕು: ಘಟನೆ ನಡೆದ ಎಷ್ಟು ವರ್ಷದ ಮೇಲೆ ಬರೆದದ್ದು, ಬರೆದವರೇ ಬರೆದರೋ ಬೇರೆಯವರು ಕೇಳಿ ನಿರೂಪಿಸಿದರೋ, ಆ ಘಟನೆಯಲ್ಲಿ ಬರೆದವರ ಸ್ವಂತ ಹಿತವೇನಿತ್ತು. ಟೇಲರ್ ಅವರು ರಾಜ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿದವರು. 1858ರ ಬಂಡಾಯ ಮತ್ತು ರಾಜನ ಅಂತ್ಯದ ಬಗ್ಗೆ ಬರೆಯುವಾಗ ಅವರಲ್ಲಿ ಸಾಕಿದವರ ಅಕ್ಕರೆಯೂ ಇದೆ, ಬ್ರಿಟಿಷ್ ಅಧಿಕಾರಿಯ ಕಣ್ಣೂ ಇದೆ. ಎರಡೂ ಒಂದೇ ಪುಟದಲ್ಲಿ ಬರುತ್ತವೆ. ಕೆರೆ, ರಸ್ತೆ, ಕಂದಾಯ, ರಾಜನಕೋಳೂರಿನ ಕಡೆಯ ಶಿಲಾಸಮಾಧಿಗಳು, ಇಂಥ ಕಣ್ಣಾರೆ ಕಂಡ ವಿವರಗಳಲ್ಲಿ ಅವರು ಗಟ್ಟಿ. ಅರಮನೆಯ ಒಳಜಗಳದಲ್ಲಿ ಯಾರದು ತಪ್ಪು ಎಂಬಲ್ಲಿ ಅವರೇ ಒಂದು ಪಕ್ಷ ಎಂಬುದನ್ನು ಮರೆಯದೆ ಓದಿ. ಅಂಚಿನಲ್ಲಿ ‘ಕಂಡದ್ದು’, ‘ಕೇಳಿದ್ದು’, ‘ಅಭಿಪ್ರಾಯ’ ಎಂದು ಕಂ, ಕೇ, ಅ ಗುರುತು ಹಾಕುತ್ತ ಹೋದರೆ ನಿಮಗೇ ಸ್ಪಷ್ಟವಾಗುತ್ತದೆ. ವಕೀಲರಿಗೆ ಇದನ್ನು ವಿವರಿಸಬೇಕಿಲ್ಲ.

ಪ್ರ: ವಾಟ್ಸ್ಆ್ಯಪ್‌ನಲ್ಲಿ ಬರುವ ಬಸವಣ್ಣನವರ ವಚನಗಳಲ್ಲಿ ಅಸಲಿ ಯಾವುದು ಎಂದು ತಿಳಿಯುವುದು ಹೇಗೆ?
— ಬಸವಕಲ್ಯಾಣ

ಉ: ಅಂಕಿತ ಒಂದನ್ನೇ ನೋಡಿ ನಂಬಬೇಡಿ. ‘ಕೂಡಲಸಂಗಮದೇವಾ’ ಎಂದು ಕೊನೆಗೆ ಯಾರು ಬೇಕಾದರೂ ಸೇರಿಸಬಹುದು. ಕರ್ನಾಟಕ ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳು 15. ಅವುಗಳ ವಚನಗಳು ‘ವಚನ ಸಂಚಯ’ ಜಾಲತಾಣದಲ್ಲಿ ಪದ ಹಾಕಿ ಹುಡುಕುವಂತಿವೆ. ಇಡೀ ಸಾಲು ಹಾಕಿದರೆ ಪಾಠಭೇದದಿಂದ ಸಿಗದೇ ಹೋಗಬಹುದು. ಅಪರೂಪದ ಒಂದು ಪದ ಹಾಕಿ ಹುಡುಕಿ. ‘ಸಮಾಜ ಸುಧಾರಣೆ’, ‘ಆತ್ಮವಿಶ್ವಾಸ’ದಂಥ ಇಂದಿನ ಭಾಷಣದ ಪದ ಕಂಡಲ್ಲೇ ಅನುಮಾನ ಬರಬೇಕು.

ಪ್ರ: ಪಿಡಿಎಫ್‌ನಲ್ಲಿ ಓದಿದರೆ ಕಣ್ಣು ಸೋಲುತ್ತದೆ, ಕೆಲವು ಕಡತ ತೆರೆದರೆ ಕನ್ನಡದ ಬದಲು ಏನೇನೋ ಚಿಹ್ನೆ ಬರುತ್ತದೆ. ಇವನ್ನು ಇಳಿಸಿಕೊಳ್ಳುವುದು ತಪ್ಪೇ?
— ಹುಮನಾಬಾದ್

ಉ: ಕನ್ನಡ ಪುಸ್ತಕದ ಸಾಮಾನ್ಯ ಅಳತೆ 1/8 ಡೆಮಿ, ಅಂದರೆ ಪುಟ 14 ಸೆಂಟಿಮೀಟರ್ ಅಗಲ. ನಿಮ್ಮ ಫೋನು ನೆಟ್ಟಗೆ ಹಿಡಿದರೆ ಸುಮಾರು 7 ಸೆಂಟಿಮೀಟರ್ ಅಗಲ. ಅಕ್ಷರ ಅರ್ಧಕ್ಕೆ ಇಳಿಯುತ್ತದೆ. ಅಡ್ಡ ಹಿಡಿಯಿರಿ, ಅಕ್ಷರ ಮೂಲ ಗಾತ್ರಕ್ಕೆ ಬರುತ್ತದೆ. ಇಪಬ್ ರೂಪದಲ್ಲಿ ಸಿಕ್ಕರೆ ಅದೇ ಉತ್ತಮ, ಅಕ್ಷರ ಹಿಗ್ಗಿಸಿದರೆ ಸಾಲು ತಾನೇ ಮುರಿದುಕೊಳ್ಳುತ್ತದೆ. ಚಿಹ್ನೆಗಳು ಬರುವುದು ಯೂನಿಕೋಡ್‌ಗೆ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರಸಂಕೇತಕ್ಕೆ) ಮೊದಲಿನ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದ ಕಡತಗಳಲ್ಲಿ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು. ಮಾಡಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ನೋಡಿ, ತಪ್ಪುವುದು ಅಲ್ಲೇ.

ಹಕ್ಕಿನ ಮಾತು: ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಹಕ್ಕು ಇರುತ್ತದೆ. 1942ರಲ್ಲಿ ತೀರಿಕೊಂಡ ಗಳಗನಾಥರ ಕಾದಂಬರಿಗಳನ್ನೂ, 1899ರ ‘ಇಂದಿರಾಬಾಯಿ’ಯನ್ನೂ ಧಾರಾಳವಾಗಿ ಇಳಿಸಿಕೊಳ್ಳಿ. ಈಗಿನ ಲೇಖಕರ ಪುಸ್ತಕ ಗುಂಪುಗಳಲ್ಲಿ ಹರಿದಾಡುತ್ತಿದ್ದರೆ ಅದು ಕಳವು. ಸಾವಿರ ಪ್ರತಿ ಮಾರುವುದೇ ಕಷ್ಟವಾದ ಭಾಷೆಯಲ್ಲಿ ಅದರ ಪೆಟ್ಟು ನೇರವಾಗಿ ಬರೆದವರಿಗೆ.

ಪ್ರ: ನಾವು ಎಂಟು ಮಂದಿ ಹೆಣ್ಮಕ್ಕಳು ವಾರಕ್ಕೊಮ್ಮೆ ಕೂಡಿ ಗೀತಾ ನಾಗಭೂಷಣ ಅವರ ‘ಬದುಕು’ ಓದಬೇಕಂತ ಮಾಡೀವಿ. ಪುಸ್ತಕ ಎರಡೇ ಅವ. ಹ್ಯಾಂಗ ಹಂಚಿಕೊಳ್ಳೋದು? ಉಳಿದ ಪ್ರತಿ ಅಗ್ಗಕ್ಕ ತರಸೋದು ಹ್ಯಾಂಗ?
— ಶಹಾಪುರ

ಉ: ಎರಡೇ ಪ್ರತಿ ಇರುವುದು ಈ ಪುಸ್ತಕದ ಮಟ್ಟಿಗೆ ಅನುಕೂಲವೇ. 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿ ಕಲಬುರಗಿ ಸೀಮೆಯ ಆಡುಮಾತಿನಲ್ಲಿದೆ. ಆಡುಮಾತನ್ನು ಉಚ್ಚಾರದಂತೆಯೇ ಬರೆದಾಗ ಕಣ್ಣಿಗೆ ಕಠಿಣ, ಕಿವಿಗೆ ಸಲೀಸು. ‘ಹೊಂಟಾಳ’, ‘ಮಾಡ್ಲಿಕತ್ತಾರ’ ಎಂಬಂಥ ರೂಪಗಳಲ್ಲಿ ಮೌನವಾಗಿ ಓದುವವರು ತಡೆಯುತ್ತಾರೆ, ಗಟ್ಟಿಯಾಗಿ ಓದಿದರೆ ನಿಮ್ಮ ಅವ್ವನ ಮಾತೇ ಕೇಳುತ್ತದೆ. ಹಾಗಾಗಿ ಮನೆಯಲ್ಲಿ ಓದಿ ಬಂದು ಚರ್ಚಿಸುವ ಪದ್ಧತಿ ಬಿಡಿ, ಕೂಡಿದಾಗಲೇ ಓದಿ. ಒಂದು ಡೆಮಿ ಪುಟ ಗಟ್ಟಿಯಾಗಿ ಓದಲು ಎರಡೂವರೆ ನಿಮಿಷ ಇಟ್ಟುಕೊಳ್ಳಿ. ಒಬ್ಬರಿಗೆ ನಾಲ್ಕು ಪುಟ, ಎಂಟು ಮಂದಿಗೆ 32 ಪುಟ, ಒಂದು ಗಂಟೆ ಇಪ್ಪತ್ತು ನಿಮಿಷ. ಒಂದು ಪ್ರತಿ ಓದುವವರ ಕೈಯಲ್ಲಿ, ಇನ್ನೊಂದು ಮುಂದಿನವರ ಕೈಯಲ್ಲಿ ಇರಲಿ. ಅವರು ತಮ್ಮ ನಾಲ್ಕು ಪುಟದ ಮೇಲೆ ಕಣ್ಣಾಡಿಸಿಕೊಳ್ಳುತ್ತಾರೆ. ಓದು ಬಾರದವರು ಗುಂಪಿನಲ್ಲಿದ್ದರೆ ಅವರನ್ನು ಕೇಳುವವರಾಗಿ ಸೇರಿಸಿಕೊಳ್ಳಿ. ಪಾತ್ರಗಳ ನೆನಪು ಅವರಿಗೇ ಹೆಚ್ಚು ಇರುತ್ತದೆ.

ಪ್ರತಿ ತರಿಸುವ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಪಂಚಾಯಿತಿಯ ಗ್ರಂಥಾಲಯ), ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿ ನೋಡಿ. ಕೊಳ್ಳುವುದಾದರೆ ನವೆಂಬರ್ ತಿಂಗಳು ಕಾಯಿರಿ, ರಾಜ್ಯೋತ್ಸವದ ರಿಯಾಯಿತಿ ಆಗಲೇ ಹೆಚ್ಚು. ಅಂಚೆಯಲ್ಲಿ ತರಿಸಲು 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಇದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರಿರಬೇಕು. ತೂಕವನ್ನು ಮೊದಲೇ ಲೆಕ್ಕ ಹಾಕಬಹುದು. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ‘70 ಜಿಎಸ್ಎಂ ಮ್ಯಾಪ್‌ಲಿಥೊ, 1/8 ಡೆಮಿ’ (ಚದರ ಮೀಟರ್‌ಗೆ 70 ಗ್ರಾಂ ತೂಗುವ ಮ್ಯಾಪ್‌ಲಿಥೊ ಕಾಗದ) ಎಂದಿದ್ದರೆ 300 ಪುಟದ ಪುಸ್ತಕ ರಕ್ಷಾಪುಟ ಸೇರಿ ಸುಮಾರು 340 ಗ್ರಾಂ ತೂಗುತ್ತದೆ. 240 ಪುಟದೊಳಗಿನದು ತೆಳು ಲಕೋಟೆಯಲ್ಲಿ 300 ಗ್ರಾಂ ಒಳಗೆ ಬರುತ್ತದೆ. ನಿಮ್ಮಂತೆ ಆರು ಪ್ರತಿ ಬೇಕಾದವರು ಒಂದೇ ಕಟ್ಟಿನಲ್ಲಿ ತರಿಸಿ. ಕಟ್ಟಿನ ನಾಲ್ಕು ಮೂಲೆಗೂ ರಟ್ಟು ಮಡಚಿ ಹಾಕಿಸಲು ಅಂಗಡಿಯವರಿಗೆ ಮರೆಯದೆ ಹೇಳಿ. ಅಂಚೆಯಲ್ಲಿ ಮೊದಲು ಜಜ್ಜುವುದು ಮೂಲೆಯೇ.